ಒಂದು ಮನೆಗೆ ಆರು ಬಾಗಿಲು

ಗಣಕಯಂತ್ರದ ತೆರೆಯ ಮೇಲೆ ಸಾಲುಸಾಲಾಗಿ ಜೋಡಿಸಿರುವ ಪುಟ್ಟ ಚಿತ್ರಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅವುಗಳಲ್ಲೊಂದರ ಮೇಲೆ ಮೌಸಿನ ಬಾಣವನ್ನಿರಿಸಿ ಎರಡು ಬಾರಿ ಒತ್ತಿದರೆ ಪತ್ರ ಬರೆಯಲು ಬಿಳಿಯ ಹಾಳೆಯೊಂದು ತೆರೆದುಕೊಳ್ಳುತ್ತದೆ. ಇನ್ನೊಂದರ ಮೇಲೆ ಒತ್ತಿದರೆ ಲೆಕ್ಕ ಹಾಕಲು ಮನೆಮನೆಗಳ ಕೋಷ್ಟಕವೊಂದು ಮೂಡುತ್ತದೆ. ಇದು ನಿತ್ಯದ ಅನುಭವವಾದುದರಿಂದ ಸೋಜಿಗಪಡತಕ್ಕದ್ದೇನೂ ಇದರಲ್ಲಿಲ್ಲವೆಂದು ತೋರಬಹುದು. ಆದರೆ ಒತ್ತುವುದಕ್ಕೂ ಹಾಳೆ ತೆರೆಯುವುದಕ್ಕೂ ನಡುವಣ ಆ ಕೆಲವು ಕ್ಷಣಗಳಲ್ಲಿ ಏನೇನು ನಡೆಯುತ್ತದೆ? ಯಾವ ಕಡತವನ್ನು ಯಾವ ತಂತ್ರಾಂಶಕ್ಕೆ ಒಪ್ಪಿಸಬೇಕೆಂಬುದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ನಾವು ಲಿಬ್ರೆ ಆಫೀಸ್ ಎಂಬ ಕಚೇರಿ ತಂತ್ರಾಂಶವನ್ನು ಆರಿಸಿಕೊಳ್ಳೋಣ. ಅದನ್ನು ಹಣ ಕೊಡದೆ ಪಡೆಯಬಹುದು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಅದರ ಮೂಲ ಬರಹವೆಲ್ಲವೂ ಬಹಿರಂಗವಾಗಿದೆ. ಗಡಿಯಾರದ ಹಿಂಬದಿಯ ಮುಚ್ಚಳವನ್ನು ತೆಗೆದು ಚಕ್ರಗಳನ್ನು ನೋಡುವಂತೆ, ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು.

ಆರಂಭಕದ ಕೆಲಸ

ತಂತ್ರಾಂಶವೆಂದರೆ ಯಂತ್ರವು ಪಾಲಿಸಬೇಕಾದ ಆದೇಶಗಳ ಒಂದು ದೊಡ್ಡ ಸರಣಿ. ಕೆಲಸವಿಲ್ಲದಾಗ ಅದು ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅಲ್ಲಿಂದ ಅದನ್ನು ಮೆಮೊರಿಗೆ ತಂದ ಹೊರತು ಅದು ಕೆಲಸ ಮಾಡಲಾರದು. ಈ ಕಾರ್ಯಕ್ಕೆ ಚಾಲನೆ ಕೊಡತಕ್ಕ ಸಣ್ಣ ತಂತ್ರಾಂಶಕ್ಕೆ ಲಾಂಚರ್ ಎಂದು ಹೆಸರು. ನಾವಿಲ್ಲಿ ಅದನ್ನು ಆರಂಭಕ ಎಂದು ಕರೆಯೋಣ. ಆರಂಭಕವು ತಾನೇ ಭಾರವನ್ನು ಹೊರುವುದಿಲ್ಲ. ಕಚೇರಿಯ ಜವಾನನು ಬಂದವರ ಚೀಟಿಯನ್ನು ಒಳಗೆ ಮುಟ್ಟಿಸುವಂತೆ, ‘ಇಂಥ ತಂತ್ರಾಂಶವನ್ನು ಇಂಥ ಸೂಚನೆಯೊಡನೆ ನಡೆಸು’ ಎಂದು ಅದು ಆಪರೇಟಿಂಗ್ ಸಿಸ್ಟಂಗೆ ತಿಳಿಸುತ್ತದೆ.

ಹಾಗಾದರೆ ತಡವಾಗುವುದೇಕೆ? ತಿರುಗುವ ಡಿಸ್ಕಿನಲ್ಲಿ ಬೇಕಾದ ಸ್ಥಳವನ್ನು ತಲುಪಲು ಸುಮಾರು 10 ಮಿಲಿಸೆಕೆಂಡು ಬೇಕು. ಮೆಮೊರಿಯಿಂದ ಓದಲು ಸುಮಾರು 100 ನ್ಯಾನೊಸೆಕೆಂಡು ಸಾಕು. ಮೊದಲನೆಯದು ಎರಡನೆಯದರ 1,00,000 ಪಟ್ಟು! ಮೆಮೊರಿಯ ಕೆಲಸಕ್ಕೆ ಒಂದು ಸೆಕೆಂಡು ಹಿಡಿಯುವುದೆಂದು ಭಾವಿಸಿದರೆ, ಡಿಸ್ಕಿನ ಕೆಲಸಕ್ಕೆ 27 ಗಂಟೆಗಳಿಗೂ ಹೆಚ್ಚು ಕಾಲ ಹಿಡಿದಂತಾಯಿತು. ಚಲಿಸುವ ಭಾಗಗಳಿಲ್ಲದ ಈಗಿನ ಡಿಸ್ಕುಗಳು ಈ ಅಂತರವನ್ನು ಬಹುಮಟ್ಟಿಗೆ ತಗ್ಗಿಸಿವೆ; ಆದರೂ ಅಂತರವು ಅಳಿದಿಲ್ಲ. ಆದುದರಿಂದ ಒಮ್ಮೆ ಮೆಮೊರಿಗೆ ತಂದುದನ್ನು ಮತ್ತೆ ಮತ್ತೆ ಬಳಸಿಕೊಳ್ಳುವುದೇ ಜಾಣತನ. ಲಿಬ್ರೆ ಆಫೀಸಿನ ರಚನೆಯಲ್ಲಿ ಈ ಜಾಣತನವು ಚೆನ್ನಾಗಿ ಕಾಣುತ್ತದೆ.

ಬಾಗಿಲು ಆರು, ಮನೆ ಒಂದೇ

ಲಿಬ್ರೆ ಆಫೀಸಿನಲ್ಲಿ ಬರವಣಿಗೆಗೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಸಭೆಯಲ್ಲಿ ತೋರಿಸುವ ಚಿತ್ರಪುಟಗಳಿಗೆ ಇಂಪ್ರೆಸ್, ರೇಖಾಚಿತ್ರಕ್ಕೆ ಡ್ರಾ, ಮಾಹಿತಿ ಸಂಗ್ರಹಕ್ಕೆ ಬೇಸ್, ಗಣಿತದ ಸೂತ್ರಗಳಿಗೆ ಮ್ಯಾಥ್ ಎಂಬ ಆರು ಅಂಗಗಳಿವೆ. ಆರಕ್ಕೂ ಬೇರೆ ಬೇರೆ ಚಿತ್ರಗಳಿರುವುದರಿಂದ ಇವು ಆರು ಪ್ರತ್ಯೇಕ ತಂತ್ರಾಂಶಗಳೆಂದು ಯಾರಿಗಾದರೂ ತೋರುವುದು ಸಹಜ. ವಾಸ್ತವವಾಗಿ ಇವೆಲ್ಲವೂ ಒಂದೇ. ಒಳಗೆ ನಡೆಯುವ ಮುಖ್ಯ ತಂತ್ರಾಂಶದ ಹೆಸರು ‘ಎಸ್‌ಆಫೀಸ್’. ರೈಟರಿನ ಚಿತ್ರವನ್ನು ಒತ್ತಿದಾಗ ಪುಟ್ಟ ಆರಂಭಕವೊಂದು ಎಸ್‌ಆಫೀಸನ್ನು ಕರೆದು, ‘ರೈಟರ್’ ಎಂಬ ಒಂದು ಮಾತನ್ನು ಅದರ ಕಿವಿಯಲ್ಲಿ ಉಸುರುತ್ತದೆ. ಕ್ಯಾಲ್ಕಿನ ಚಿತ್ರವನ್ನು ಒತ್ತಿದಾಗ ‘ಕ್ಯಾಲ್ಕ್’ ಎನ್ನುತ್ತದೆ. ವ್ಯತ್ಯಾಸವಿಷ್ಟೆ. ದೊಡ್ಡ ತೊಟ್ಟಿಯ ಮನೆಯೊಂದಕ್ಕೆ ಆರು ಬಾಗಿಲುಗಳಿದ್ದು, ಯಾವ ಬಾಗಿಲಿನಿಂದ ಬಂದೆವೋ ಅದಕ್ಕೆ ತಕ್ಕ ಕೋಣೆಗೆ ನಮ್ಮನ್ನು ಕರೆದೊಯ್ಯುವಂತಿದೆ ಈ ಏರ್ಪಾಡು. ಅಚ್ಚು ಹಾಕುವುದು, ಅಕ್ಷರ ತೋರಿಸುವುದು, ಕಡತವನ್ನು ಉಳಿಸುವುದು ಮುಂತಾದ ಕೆಲಸಗಳಿಗೆ ಆರು ಕೋಣೆಗಳಿಗೂ ಒಂದೇ ಅಡುಗೆಮನೆ.

ಈಗ ರೈಟರ್ ತೆರೆದಿರುವಾಗಲೇ ಕ್ಯಾಲ್ಕನ್ನು ಒತ್ತಿದೆವೆನ್ನೋಣ. ಆರಂಭಕವು ಮೊದಲು ಒಂದು ಗೊತ್ತಾದ ಸ್ಥಳದಲ್ಲಿ ‘ಪೈಪ್’ ಎಂಬ ಸಂಪರ್ಕವಿದೆಯೇ ಎಂದು ಹುಡುಕುತ್ತದೆ. ಪೈಪ್ ಎಂದರೆ ಒಂದು ತಂತ್ರಾಂಶವು ಇನ್ನೊಂದಕ್ಕೆ ಮಾತು ಕಳುಹಿಸುವ ಕೊಳವೆ. ಅದು ಸಿಕ್ಕಿದರೆ ಒಳಗೆ ಈಗಾಗಲೇ ಯಾರೋ ಎಚ್ಚರವಾಗಿದ್ದಾರೆಂದು ಅರ್ಥ. ಆಗ ಆರಂಭಕವು ಮನೆಯನ್ನು ಎರಡನೆಯ ಬಾರಿ ಕಟ್ಟಲು ಹೋಗದೆ, ‘ಕ್ಯಾಲ್ಕ್ ಬೇಕಂತೆ’ ಎಂಬ ಸಂದೇಶವನ್ನು ಕೊಳವೆಯಲ್ಲಿ ಕಳುಹಿಸಿ ತನ್ನ ಕೆಲಸ ಮುಗಿಸುತ್ತದೆ. ಮೊದಲನೆಯ ಕಡತ ತೆರೆಯಲು ತಡವಾಗುವುದೂ ಎರಡನೆಯದು ಥಟ್ಟನೆ ತೆರೆಯುವುದೂ ಇದರಿಂದಲೇ.

ಒಂದೇ ಮನೆಯಾದುದರಿಂದ ಒಂದು ಅಪಾಯವೂ ಉಂಟು. ಕ್ಯಾಲ್ಕಿನಲ್ಲಿ ಏನಾದರೂ ದೋಷ ತಲೆದೋರಿ ಮನೆ ಕುಸಿದರೆ, ಪಕ್ಕದ ಕೋಣೆಯಲ್ಲಿ ಬರೆಯುತ್ತಿದ್ದ ಪತ್ರವೂ ಅದರೊಡನೆ ಮುಚ್ಚಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ, ತೆರೆದ ಕಡತಗಳ ನಕಲನ್ನು ಆಗಾಗ ಉಳಿಸಿಟ್ಟುಕೊಂಡು ಮುಂದಿನ ಸಲ ತೆರೆದಾಗ ಮರಳಿ ಒದಗಿಸುವ ಏರ್ಪಾಡನ್ನು ಮಾಡಿದ್ದಾರೆ.

ಮನೆ ಕಟ್ಟಿದ ಕಥೆ

ಈ ಮನೆಯ ಅಡಿಪಾಯವನ್ನು ಹಾಕಿದವನು ಜರ್ಮನಿಯ ಲ್ಯೂನೆಬುರ್ಗ್ ಪಟ್ಟಣದ ಮಾರ್ಕೊ ಬೊರೀಸ್. 1980ರ ದಶಕದಲ್ಲಿ, ಇನ್ನೂ ಇಪ್ಪತ್ತು ತುಂಬದ ಪ್ರಾಯದಲ್ಲಿ, ಆತನು ಸ್ಟಾರ್ ಡಿವಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಬರವಣಿಗೆಯ ತಂತ್ರಾಂಶವೊಂದನ್ನು ಹೊರತಂದನು. ಅದು ಬೆಳೆದು ಸ್ಟಾರ್ ಆಫೀಸ್ ಆಯಿತು. 1990ರ ದಶಕದ ಕೊನೆಗೆ ಬಂದ ಅದರ ಐದನೆಯ ಆವೃತ್ತಿಯು ಕಂಪ್ಯೂಟರಿನ ತೆರೆಯನ್ನೇ ಆಕ್ರಮಿಸಿ, ತನ್ನದೇ ಆದ ಮೇಜನ್ನೂ ತನ್ನದೇ ಆದ ಆರಂಭದ ಪಟ್ಟಿಯನ್ನೂ ಹರಡಿಕೊಳ್ಳುತ್ತಿತ್ತು. ಅಂಚೆ, ಜಾಲ ವೀಕ್ಷಣೆ ಎಲ್ಲವೂ ಅದರೊಳಗೇ.

1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು ಸ್ಟಾರ್ ಡಿವಿಷನ್ನನ್ನು ಕೊಂಡುಕೊಂಡಿತು. ಮರುವರ್ಷ, ಎಂದರೆ 2000ದ ಅಕ್ಟೋಬರ್ 13ರಂದು, ಅದರ ಮೂಲ ಬರಹವನ್ನು ಲೋಕಕ್ಕೆ ಬಿಡುಗಡೆ ಮಾಡಿತು. ಹೀಗೆ ಓಪನ್ ಆಫೀಸ್ ಜನಿಸಿತು. ಹೊಸ ನಿರ್ಮಾಪಕರು ಆ ದೊಡ್ಡ ಮೇಜನ್ನು ಕಿತ್ತುಹಾಕಿದರು. ಒಂದು ತಂತ್ರಾಂಶವು ಇಡೀ ತೆರೆಯನ್ನು ತನ್ನದೆನ್ನುವುದು ಬಳಸುವವರಿಗೆ ಒಪ್ಪಿಗೆಯಾಗುವಂಥದಲ್ಲ. ಬಾಗಿಲು ಬಾಗಿಲಿನಷ್ಟೇ ಇರಬೇಕು. 2008ರಲ್ಲಿ ಮೂರನೆಯ ಆವೃತ್ತಿಯೊಡನೆ ಸ್ಟಾರ್ಟ್ ಸೆಂಟರ್ ಎಂಬ ಚಿಕ್ಕ ಕಿಟಕಿಯೊಂದು ಬಂದಿತು. ಯಾವ ಕಡತವೂ ತೆರೆದಿಲ್ಲದಾಗ, ಮನೆಯ ಜಗುಲಿಯಂತೆ, ‘ಬರೆಯುವಿರಾ, ಲೆಕ್ಕ ಹಾಕುವಿರಾ?’ ಎಂದು ಕೇಳುವುದಷ್ಟೇ ಅದರ ಕೆಲಸ.

2010ರ ಜನವರಿಯಲ್ಲಿ ಸನ್ ಕಂಪನಿಯು ಒರಾಕಲ್ ಕಂಪನಿಯ ವಶವಾಯಿತು. ಓಪನ್ ಆಫೀಸಿನ ಮುಂದಿನ ಗತಿಯೇನೆಂದು ಅದಕ್ಕಾಗಿ ದುಡಿಯುತ್ತಿದ್ದ ಅನೇಕರು ಚಿಂತಿಸಿದರು. ಸಾಮಾನ್ಯ ಸರಕಾಗಿದ್ದರೆ ಒಡೆಯನ ಇಚ್ಛೆಯೇ ಅಂತಿಮ. ಆದರೆ ಮೂಲ ಬರಹವನ್ನು ಬಳಸುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಮೊದಲೇ ದೊರಕಿತ್ತು. 2010ರ ಸೆಪ್ಟೆಂಬರ್ 28ರಂದು ಅವರಲ್ಲಿ ಹಲವರು ಡಾಕ್ಯುಮೆಂಟ್ ಫೌಂಡೇಷನ್ ಎಂಬ ಹೆಸರಿನಲ್ಲಿ ಒಟ್ಟುಗೂಡಿ, ಅದೇ ಬರಹದಿಂದ ಲಿಬ್ರೆ ಆಫೀಸನ್ನು ಮುಂದುವರಿಸುವುದಾಗಿ ಸಾರಿದರು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ‘ಲಿಬ್ರೆ’ ಎಂದರೆ ಸ್ವತಂತ್ರ ಎಂದರ್ಥ. ಮನೆಯ ನಕ್ಷೆ ಎಲ್ಲರ ಕೈಯಲ್ಲಿದ್ದುದರಿಂದ ಮನೆ ಉಳಿಯಿತು.

ಬಾಗಿಲ ಮೇಲಿನ ಬರಹ

ಲಿನಕ್ಸ್ ಬಳಸುವ ಯಂತ್ರಗಳಲ್ಲಿ ಆರಂಭಕದ ರಚನೆ ಇನ್ನೂ ಸರಳವಾಗಿದೆ. ಅಲ್ಲಿ ಒಂದೊಂದು ಬಾಗಿಲಿಗೂ ಕೆಲವು ಸಾಲುಗಳ ಸಾದಾ ಬರಹದ ಕಡತವೊಂದಿರುತ್ತದೆ. ಒಂದು ಸಾಲು ತಂತ್ರಾಂಶದ ಹೆಸರನ್ನು ಹೇಳಿದರೆ, ಇನ್ನೊಂದು ಯಾವ ಆದೇಶವನ್ನು ನಡೆಸಬೇಕೆಂಬುದನ್ನೂ, ಮತ್ತೊಂದು ಯಾವ ಚಿತ್ರವನ್ನು ತೋರಿಸಬೇಕೆಂಬುದನ್ನೂ, ಮಗದೊಂದು ಯಾವ ಬಗೆಯ ಕಡತಗಳನ್ನು ಇದಕ್ಕೆ ಒಪ್ಪಿಸಬಹುದೆಂಬುದನ್ನೂ ಹೇಳುತ್ತದೆ. ಹೆಸರಿನ ಸಾಲಿಗೆ ಒಂದು ವಿಶೇಷವುಂಟು. ‘ನೇಮ್’ ಎಂಬ ಪದದ ಮುಂದೆ ಚೌಕ ಕಂಸದಲ್ಲಿ ಭಾಷೆಯ ಸಂಕೇತವನ್ನು ಬರೆದು, ಆ ಭಾಷೆಯ ಹೆಸರನ್ನು ಕೊಡಬಹುದು. ಕನ್ನಡದ ಸಂಕೇತವು ಇಂಗ್ಲಿಷಿನ ‘ಕೆ’ ಮತ್ತು ‘ಎನ್’ ಎಂಬ ಎರಡು ಅಕ್ಷರಗಳು. ಯಂತ್ರದ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿಕೊಂಡವರಿಗೆ ಬಾಗಿಲ ಮೇಲಿನ ಹೆಸರು ಕನ್ನಡದಲ್ಲೇ ಕಾಣುತ್ತದೆ. ಇಂಥ ಸಾಲೊಂದನ್ನು ಬರೆಯಲು ಮಹಾ ಪಾಂಡಿತ್ಯ ಬೇಕಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯೂ ಬರೆಯಬಲ್ಲನು.

ಮೂವತ್ತೆಂಟರ ಗುಟ್ಟು

ಚಿತ್ರವನ್ನು ಒತ್ತದೆ ಕಡತವನ್ನೇ ಒತ್ತಿದಾಗ, ಅದು ಪತ್ರವೋ ಲೆಕ್ಕವೋ ಎಂದು ತಿಳಿಯುವುದು ಹೇಗೆ? ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ ತೀರ್ಮಾನಿಸುತ್ತದೆ. ಆದರೆ ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದಲ್ಲವೆ? ಅದಕ್ಕಾಗಿ ಕಡತದೊಳಗೇ ಗುರುತನ್ನಿರಿಸಿದ್ದಾರೆ. ಲಿಬ್ರೆ ಆಫೀಸ್ ತನ್ನ ಕಡತಗಳನ್ನು ಓಪನ್ ಡಾಕ್ಯುಮೆಂಟ್ ಎಂಬ ಕ್ರಮದಲ್ಲಿ ಉಳಿಸುತ್ತದೆ. 2006ರಲ್ಲಿ ಇದು ಅಂತಾರಾಷ್ಟ್ರೀಯ ಮಾನಕವಾಯಿತು. ಇಂಥ ಕಡತವು ವಾಸ್ತವವಾಗಿ ಒಂದು ಜಿಪ್ ಗಂಟು. ಗಂಟಿನಲ್ಲಿ ಮೊಟ್ಟಮೊದಲು ‘ಮೈಮ್‌ಟೈಪ್’ ಎಂಬ ಪುಟ್ಟ ಚೀಟಿಯನ್ನು, ಒತ್ತಿ ಕುಗ್ಗಿಸದೆ, ಇದ್ದಂತೆಯೇ ಇರಿಸಬೇಕೆಂದು ವಿಧಿಸಿದ್ದಾರೆ. ಜಿಪ್ ಗಂಟಿನ ತಲೆಬರಹ 30 ಬೈಟು. ಇಂಗ್ಲಿಷಿನಲ್ಲಿ ‘ಮೈಮ್‌ಟೈಪ್’ ಎಂಬ ಹೆಸರಿಗೆ 8 ಬೈಟು. ಮೂವತ್ತಕ್ಕೆ ಎಂಟನ್ನು ಕೂಡಿಸಿದರೆ 38. ಆದುದರಿಂದ ಮೊದಲಿನ 38 ಬೈಟುಗಳನ್ನು ದಾಟಿದೊಡನೆ ‘ಇದು ಪತ್ರ’ ಅಥವಾ ‘ಇದು ಲೆಕ್ಕದ ಪಟ್ಟಿ’ ಎಂಬ ಬರಹ ಸಿಕ್ಕೇ ಸಿಗುತ್ತದೆ. ಗಂಟನ್ನು ಬಿಚ್ಚದೆಯೇ ಗುರುತನ್ನು ಓದಬಹುದು!

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ರೈಟರಿನಲ್ಲಿ ಬರೆದ ಕಡತವೊಂದರ ನಕಲನ್ನು ಮಾಡಿಕೊಂಡು, ಹೆಸರಿನ ಕೊನೆಯ ‘ಓಡಿಟಿ’ ಎಂಬ ಅಕ್ಷರಗಳನ್ನು ‘ಜಿಪ್’ ಎಂದು ಇಂಗ್ಲಿಷಿನಲ್ಲಿ ಬದಲಿಸಿ ತೆರೆಯಿರಿ. ಒಳಗೆ ಮೈಮ್‌ಟೈಪ್ ಚೀಟಿ, ನೀವು ಬರೆದ ಮಾತುಗಳಿರುವ ‘ಕಂಟೆಂಟ್’ ಎಂಬ ಕಡತ, ಅಕ್ಷರಗಳ ಅಲಂಕಾರವನ್ನು ತಿಳಿಸುವ ‘ಸ್ಟೈಲ್ಸ್’ ಎಂಬ ಕಡತ, ಮತ್ತು ಸಾಮಾನ್ಯವಾಗಿ ಮೊದಲ ಪುಟದ ಪುಟ್ಟ ಚಿತ್ರವೊಂದು ಕಾಣಿಸುತ್ತವೆ. ಕಂಟೆಂಟ್ ಕಡತವನ್ನು ಸಾದಾ ಬರಹದ ತಂತ್ರಾಂಶದಲ್ಲಿ ತೆರೆದರೆ ನಿಮ್ಮ ವಾಕ್ಯಗಳು ಗುರುತಿನ ಪದಗಳ ನಡುವೆ ಹಾಗೆಯೇ ಇರುವುದನ್ನು ನೋಡುವಿರಿ.

ಬೀಗದ ಕೈ ಯಾರಲ್ಲಿರಬೇಕು?

ಈ ಪರೀಕ್ಷೆಯಿಂದ ತಿಳಿಯುವ ಸಂಗತಿ ಸಣ್ಣದಲ್ಲ. ಲಿಬ್ರೆ ಆಫೀಸ್ ನಾಳೆ ಇಲ್ಲವಾದರೂ ನಮ್ಮ ಬರಹವು ನಮಗೆ ದಕ್ಕುತ್ತದೆ. ಏಕೆಂದರೆ ಅದನ್ನು ಕಟ್ಟಿದ ಕ್ರಮ ಬಹಿರಂಗವಾಗಿದೆ. ಹಾಗಿಲ್ಲದಿದ್ದಲ್ಲಿ ಏನಾಗುವುದೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಯೂನಿಕೋಡ್ ರೂಢಿಗೆ ಬರುವ ಮುಂಚೆ, ಕನ್ನಡವನ್ನು ಗಣಕದಲ್ಲಿ ಬರೆಯುವವರು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪಗಳನ್ನು ತೊಡಿಸಿದ ಫಾಂಟುಗಳನ್ನು ಬಳಸುತ್ತಿದ್ದರು. ಒಬ್ಬರ ಸಂಕೇತ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಅಂದು ಬರೆದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ಇಂದು ತೆರೆದರೆ ಆರಂಭಕವು ಬಾಗಿಲನ್ನೇನೋ ತೆರೆಯುತ್ತದೆ. ಆದರೆ ಒಳಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಸಂಕೇತಗಳ ಕೋಷ್ಟಕ ತಿಳಿದಿದ್ದರೆ ಅದನ್ನು ಕನ್ನಡಕ್ಕೆ ಮರಳಿಸಬಹುದು. ತಿಳಿಯದಿದ್ದರೆ ಆ ಬರಹವು ಬಹುಮಟ್ಟಿಗೆ ಕಳೆದಂತೆಯೇ ಸರಿ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳು ಲೋಕಕ್ಕೆಲ್ಲ ಒಂದೇ ಆಗಿರುವುದರಿಂದ ಈಗ ಬರೆಯುವವರಿಗೆ ಆ ಭಯವಿಲ್ಲ.

ವಿದ್ಯಾರ್ಥಿಯು ಇಂದು ಬರೆದಿಟ್ಟ ಟಿಪ್ಪಣಿಯನ್ನು ಮೂವತ್ತು ವರ್ಷಗಳ ಬಳಿಕ ಓದಬೇಕಾಗಬಹುದು. ಆಗ ಇಂದಿನ ಯಂತ್ರವಾಗಲಿ ಇಂದಿನ ಕಂಪನಿಯಾಗಲಿ ಇರುವುದೆಂದು ಹೇಳುವಂತಿಲ್ಲ. ಕಡತವನ್ನು ಕಟ್ಟಿದ ಬಗೆ, ಅಕ್ಷರದ ಸಂಕೇತ, ತೆರೆಯುವ ತಂತ್ರಾಂಶ ಈ ಮೂರೂ ಬಹಿರಂಗವಾಗಿದ್ದರೆ, ಹಳೆಯ ಬಾಗಿಲು ಮುರಿದುಹೋದರೂ ಹೊಸದೊಂದನ್ನು ಮಾಡಿಕೊಳ್ಳಬಹುದು. ತೆರೆಯ ಮೇಲಣ ಪುಟ್ಟ ಚಿತ್ರವನ್ನು ಒತ್ತುವಾಗ ಅದರ ಹಿಂದಿರುವ ಮನೆಯ ನಕ್ಷೆ ಯಾರ ಕೈಯಲ್ಲಿದೆಯೆಂದು ಕೇಳಿಕೊಳ್ಳುವುದು ಲೇಸು.