ನಿದ್ರಾ ಪರೀಕ್ಷೆಗೆ ಮುನ್ನ ಮಾತ್ರೆಗಳ ಲೆಕ್ಕ

ಹಂಗಾರಕಟ್ಟೆಯ ಅಳಿವೆ ದಾಟಿ ರಾತ್ರಿಯೆಲ್ಲ ಕಡಲಲ್ಲಿ ದುಡಿಯುವ, ಬೋಟು ನಡೆಸುವ ತಾಂಡೇಲನಿಗೆ ಹಗಲು ತಡೆಯಲಾರದ ತೂಕಡಿಕೆ. ಕಾರಣ ನಿದ್ದೆಗೇಡಿರಬಹುದು, ಗೊರಕೆಯ ನಡುವೆ ಉಸಿರು ನಿಲ್ಲುವ ಕಾಯಿಲೆಯಿರಬಹುದು, ಶೀತಕ್ಕೆಂದು ನುಂಗಿದ ಗುಳಿಗೆಯೂ ಇರಬಹುದು. ಹಳೆಯ ಬಗೆಯ ಶೀತದ ಮಾತ್ರೆಗಳಲ್ಲಿರುವ ಕ್ಲೋರ್ಫೆನಿರಮಿನ್ ಮಿದುಳಿನೊಳಗೇ ಇಳಿದು, ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ಗೆ ಅಡ್ಡಬರುತ್ತದೆ. ರಾತ್ರಿ ನುಂಗಿದ್ದರ ಮಂಪರು ಮರುದಿನ ಚುಕ್ಕಾಣಿ ಹಿಡಿದಾಗಲೂ ಉಳಿದಿರಬಹುದು.

ಕಾರಣ ತಿಳಿಯಲು ಮಾಡುವ ನಿದ್ರಾ ಪರೀಕ್ಷೆಯಲ್ಲಿ ರಾತ್ರಿಯಿಡೀ ಮಿದುಳಿನ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯುವಿನ ಬಿಗಿತ, ಉಸಿರು, ರಕ್ತದ ಆಮ್ಲಜನಕ ಎಲ್ಲವೂ ದಾಖಲಾಗುತ್ತವೆ. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದ ರೆಮ್ ನಿದ್ರೆ, ಅಂದರೆ ಕಣ್ಣುಗುಡ್ಡೆ ಸರಸರನೆ ಓಡಾಡುವ ಕನಸಿನ ಹಂತ, ಇಲ್ಲಿ ಬಹಳ ಮುಖ್ಯ. ವಯಸ್ಕರ ನಿದ್ರೆಯಲ್ಲಿ ಇದರ ಪಾಲು ಸುಮಾರು ಶೇಕಡಾ 20ರಿಂದ 25.

ಖಿನ್ನತೆಗೆ ಕೊಡುವ ಹೆಚ್ಚಿನ ಔಷಧಿಗಳು ರೆಮ್ ನಿದ್ರೆಯನ್ನೇ ಅದುಮುತ್ತವೆ. ಹಲವರಲ್ಲಿ ಉಸಿರುಗಟ್ಟುವುದು ಹೆಚ್ಚುವುದೇ ಈ ಹಂತದಲ್ಲಿ, ಏಕೆಂದರೆ ಆಗ ಗಂಟಲಿನ ಸ್ನಾಯು ಪೂರ್ತಿ ಸಡಿಲಾಗುತ್ತದೆ. ಹಾಗಾಗಿ ಮಾತ್ರೆ ತಿನ್ನುತ್ತಿರುವವರ ವರದಿಯಲ್ಲಿ ಕಾಯಿಲೆ ಇದ್ದುದಕ್ಕಿಂತ ಹಗುರವಾಗಿ ಕಾಣಬಹುದು. ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್‌ನಂಥ ಮಾತ್ರೆಗಳ ದಾರಿ ಬೇರೆ: ನಿದ್ದೆ ಬೇಗ ಹತ್ತುತ್ತದೆ, ಗಾಢ ನಿದ್ರೆಯ ದೊಡ್ಡ ಅಲೆಗಳು ಕುಗ್ಗುತ್ತವೆ. ಗೊರಕೆಯವರಿಗೆ ಇದು ಅಪಾಯಕಾರಿಯೂ ಹೌದು.

ಹಗಲು ಎರಡು ಗಂಟೆಗೊಮ್ಮೆ ಮಲಗಿಸಿ ನೋಡುವ ಇನ್ನೊಂದು ಪರೀಕ್ಷೆಯಿದೆ. ಥಟ್ಟನೆ ನಿದ್ದೆ ಆವರಿಸುವ ನಾರ್ಕೊಲೆಪ್ಸಿಯನ್ನು ಅದರಲ್ಲಿ ಗುರುತಿಸುತ್ತಾರೆ. ಮಲಗಿದ ಕೂಡಲೇ ರೆಮ್ ಬರುವುದು ಈ ಕಾಯಿಲೆಯ ಲಕ್ಷಣ. ಖಿನ್ನತೆಯ ಔಷಧಿ ಮುಂದುವರಿಸಿದರೆ ಆ ಲಕ್ಷಣ ಮರೆಯಾಗಬಹುದು. ಹಿಂದಿನ ದಿನವಷ್ಟೇ ನಿಲ್ಲಿಸಿದರೆ ಅದುಮಿಟ್ಟ ರೆಮ್ ಒಮ್ಮೆಲೇ ನುಗ್ಗಿ, ಇಲ್ಲದ ಕಾಯಿಲೆ ಇದ್ದಂತೆ ತೋರಬಹುದು. ಸಾಮಾನ್ಯವಾಗಿ ಎರಡು ವಾರ ಮೊದಲೇ ಬಿಡಿಸುತ್ತಾರೆ. ಅವುಗಳಲ್ಲೊಂದಾದ ಫ್ಲುಯೊಕ್ಸೆಟಿನ್ ದೇಹದಿಂದ ನಿಧಾನವಾಗಿ ಹೋಗುವುದರಿಂದ ಇನ್ನೂ ಹೆಚ್ಚು ಸಮಯ ಬೇಕು. ಇದನ್ನು ವೈದ್ಯರೇ ನಿರ್ಧರಿಸಬೇಕು, ತಾನಾಗಿ ನಿಲ್ಲಿಸುವುದು ಬೇಡವೇ ಬೇಡ. ಪರೀಕ್ಷೆಗೆ ಮೊದಲಿನ ವಾರಗಳಲ್ಲಿ ರಾತ್ರಿ ನಿದ್ದೆ ಕ್ರಮವಾಗಿರುವುದೂ ಅಗತ್ಯ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ದಿನಗಳು ಬೋಟಿನವರಿಗೆ ಅದಕ್ಕೆ ಒದಗಿಬರುತ್ತವೆ.

ಪರೀಕ್ಷೆಗೆ ಹೋಗುವಾಗ ಬಿಪಿ ಮಾತ್ರೆಯಿಂದ ನಾಟಿ ಮದ್ದಿನವರೆಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದೊಯ್ಯಬೇಕು. ನಾಟಿ ಮದ್ದೂ ನಿದ್ರೆಯನ್ನು ಬದಲಿಸಬಲ್ಲದು. ಉದಾಹರಣೆಗೆ, ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ಖಿನ್ನತೆಯ ಮಾತ್ರೆಗಳಿಗೆ ತದ್ವಿರುದ್ಧ: ಅದು ರೆಮ್ ನಿದ್ರೆಯನ್ನು ಹೆಚ್ಚಿಸುತ್ತದೆ.