ಒಪ್ಪಂದ ಕೈಯಲ್ಲಿದೆ, ವೀಸಾ ಬಂದಿಲ್ಲ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಆಟಗಾರರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಅವರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನವರೇ ಹೆಚ್ಚು, ಅವರ ನಂತರ ವೆನೆಜುವೆಲಾದವರು. ಫೆಬ್ರವರಿ ನಡುವಿಗೆ ಫ್ಲಾರಿಡಾ ಮತ್ತು ಅರಿಜೋನಾಗಳಲ್ಲಿ ಅಭ್ಯಾಸ ಶಿಬಿರಗಳು ಶುರುವಾಗುತ್ತವೆ. ಕೆಲವರು ಮಾತ್ರ ವೀಸಾ ಸಿಗದೆ ಊರಲ್ಲೇ ಉಳಿದಿರುತ್ತಾರೆ. ಹೆಚ್ಚುಕಡಿಮೆ ಪ್ರತಿವರ್ಷವೂ ಬರುವ ಸುದ್ದಿ ಇದು.

ಈ ಆಟಗಾರರು ಬಳಸುವುದು ಪಿ-1 ವೀಸಾ. ಬೆಂಗಳೂರಿನ ಸಾಫ್ಟ್‌ವೇರ್ ಮನೆಗಳಿಗೆ ಚೆನ್ನಾಗಿ ಗೊತ್ತಿರುವ ಎಚ್-1ಬಿಗೆ ವರ್ಷಕ್ಕೆ 85,000ದ ಮಿತಿಯಿದೆ, ಲಾಟರಿಯಿದೆ. ಪಿ-1ಗೆ ಇವೆರಡೂ ಇಲ್ಲ. ಒಮ್ಮೆಗೆ 5 ವರ್ಷದವರೆಗೆ ಸಿಗುತ್ತದೆ, ಮುಂದೆ 10ರವರೆಗೂ ವಿಸ್ತರಿಸಬಹುದು. ಅರ್ಜಿ ಹಾಕುವುದು ಸಾಮಾನ್ಯವಾಗಿ ಕ್ಲಬ್, ಆಟಗಾರನಲ್ಲ. ಜೊತೆಗೆ ಬರುವ ಹೆಂಡತಿ ಮಕ್ಕಳು ಅಲ್ಲಿ ದುಡಿಯುವಂತಿಲ್ಲ.

ಈ ಅನುಕೂಲ ಮೊದಲಿನಿಂದ ಇದ್ದದ್ದಲ್ಲ. 2006ರವರೆಗೆ ಪಿ-1 ಮುಖ್ಯವಾಗಿ ಮೇಜರ್ ಲೀಗ್ ಆಟಗಾರರ ಸೊತ್ತಾಗಿತ್ತು. ಕೆಳಗಿನ ಮೈನರ್ ಲೀಗ್ ಹುಡುಗರು ಪಿ-1ಗೆ ಬೇಕಾದ ‘ಅಂತರರಾಷ್ಟ್ರೀಯ ಮನ್ನಣೆ’ ಪಡೆದವರೆಂದು ತೋರಿಸುವುದು ಕಷ್ಟವಾದ್ದರಿಂದ ಅವರನ್ನು ಎಚ್-2ಬಿ ಎಂಬ ಹಂಗಾಮಿ ಕೂಲಿಕಾರರ ವೀಸಾದಲ್ಲಿ ಕರೆತರಲಾಗುತ್ತಿತ್ತು. ಹೋಟೆಲುಗಳಿಗೆ, ಹುಲ್ಲುಹಾಸು ಬೆಳೆಸುವ ಗುತ್ತಿಗೆದಾರರಿಗೆ, ಏಡಿ ಸುಲಿಯುವ ಕಾರ್ಖಾನೆಗಳಿಗೆ ಬೇಕಾದ ಜನ ಬರುವುದೂ ಅದೇ ವೀಸಾದಲ್ಲಿ. ‘ಈ ಕೆಲಸಕ್ಕೆ ಅಮೆರಿಕನ್ನರು ಸಿಗುತ್ತಿಲ್ಲ’ ಎಂದು ಕಾರ್ಮಿಕ ಇಲಾಖೆಯಿಂದ ಪ್ರಮಾಣಪತ್ರ ತರುವುದು ಆ ವೀಸಾದ ನಿಯಮ. ಅಮೆರಿಕ ತನ್ನ ರಾಷ್ಟ್ರೀಯ ಕ್ರೀಡೆಯೆಂದು ಹೇಳಿಕೊಳ್ಳುವ ಆಟಕ್ಕೇ ಆಳು ಸಿಗುವುದಿಲ್ಲವೆಂದು ಬರೆದುಕೊಡಬೇಕಾದ ವಿಚಿತ್ರ ಸ್ಥಿತಿ! ಎಲ್ಲ ಉದ್ಯಮಗಳಿಗೂ ಸೇರಿ ವರ್ಷಕ್ಕೆ ಇದ್ದದ್ದು 66,000 ವೀಸಾ. 2004ರಲ್ಲಿ ಮಾರ್ಚ್ ಹೊತ್ತಿಗೇ ಅವು ಮುಗಿದವು.

2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ‘ಕಾಂಪೀಟ್’ ಕಾಯ್ದೆ ಈ ಹುಡುಗರಿಗೂ ಪಿ-1 ಬಾಗಿಲು ತೆರೆಯಿತು. ಆದರೆ ಅದರಲ್ಲೊಂದು ಷರತ್ತಿದೆ. ಕನಿಷ್ಠ 6 ತಂಡಗಳಿರುವ, ಒಟ್ಟು ವಾರ್ಷಿಕ ವರಮಾನ 1 ಕೋಟಿ ಡಾಲರ್ ದಾಟುವ ಒಕ್ಕೂಟದ ತಂಡ ಅಥವಾ ಅಂಥ ಒಕ್ಕೂಟಕ್ಕೆ ಸೇರಿದ ಮೈನರ್ ಲೀಗ್ ತಂಡ ಆಟಗಾರನನ್ನು ಕರೆಸಿರಬೇಕು. ಯಾವ ದೊಡ್ಡ ಒಕ್ಕೂಟಕ್ಕೂ ಸೇರದ ಬಡ ತಂಡಗಳಿಗೆ ಈ ದಾರಿ ಸಿಗಲಿಲ್ಲ. ಕಾಯ್ದೆ ಅಳೆಯುವುದು ಹುಡುಗನ ಆಟವನ್ನಲ್ಲ, ಮಾಲೀಕರ ವರಮಾನವನ್ನು.

ವೀಸಾ ಸಿಕ್ಕರೂ ಅದು ಕ್ಲಬ್ಬಿನ ಒಪ್ಪಂದಕ್ಕೆ ಕಟ್ಟುಬಿದ್ದಿರುತ್ತದೆ. ಆಟಗಾರ ಇನ್ನೊಂದು ಕ್ಲಬ್ಬಿಗೆ ವರ್ಗವಾದರೆ 30 ದಿನ ಹಳೆಯ ಅನುಮತಿಯಲ್ಲೇ ಆಡಬಹುದು, ಅಷ್ಟರೊಳಗೆ ಹೊಸ ಕ್ಲಬ್ ಅರ್ಜಿ ಹಾಕಬೇಕು. ತಂಡದಿಂದ ಕೈಬಿಟ್ಟರೆ ಪರಿಸ್ಥಿತಿ ಕಠಿಣ. ಕೆಲಸ ಹೋದ ಎಚ್-1ಬಿ ಇಂಜಿನಿಯರಿಗೆ ಬೇರೆ ಕೆಲಸ ಹುಡುಕಲು ಗರಿಷ್ಠ 60 ದಿನದ ಬಿಡುವಿದೆ. ಆ ನಿಯಮದ ಪಟ್ಟಿಯಲ್ಲಿ ಪಿ-1 ಇಲ್ಲ. ಅವಧಿಗೆ ಮೊದಲೇ ಕೆಲಸದಿಂದ ತೆಗೆದ ಕ್ಲಬ್ ಊರಿಗೆ ಮರಳುವ ಖರ್ಚು ಕೊಡಬೇಕು ಎನ್ನುವುದೊಂದೇ ಸಮಾಧಾನ.

ಎಲ್ಲಕ್ಕಿಂತ ಹೆಚ್ಚು ಪೇಚು ತಂದಿರುವುದು ಹೆಸರು ಮತ್ತು ವಯಸ್ಸು. ಡೊಮಿನಿಕನ್ ಹುಡುಗರೊಂದಿಗೆ ಕ್ಲಬ್‌ಗಳು 16ನೇ ವಯಸ್ಸಿಗೇ ಒಪ್ಪಂದ ಮಾಡಿಕೊಳ್ಳುತ್ತವೆ. ವಯಸ್ಸು ಏರಿದಂತೆ ಬೆಲೆ ಇಳಿಯುತ್ತದೆ. ಹಾಗಾಗಿ ತಮ್ಮನದೋ ನೆರೆಯವನದೋ ಜನನ ಪತ್ರ ಹಿಡಿದು ಬಂದವರುಂಟು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕಾನ್ಸುಲೇಟ್‌ಗಳು ದಾಖಲೆಗಳನ್ನು ಬಿಗಿಯಾಗಿ ಪರಿಶೀಲಿಸತೊಡಗಿದಾಗ ನೂರಾರು ಆಟಗಾರರ ಅಸಲಿ ವಯಸ್ಸು ಹೊರಬಿತ್ತು. ಕ್ಲೀವ್‌ಲ್ಯಾಂಡ್ ತಂಡದ ಪಿಚರ್ (ಚೆಂಡೆಸೆಯುವವ) ಫೌಸ್ಟೊ ಕಾರ್ಮೋನಾ 2007ರಲ್ಲಿ 19 ಪಂದ್ಯ ಗೆದ್ದುಕೊಟ್ಟವನು. 2012ರ ಜನವರಿಯಲ್ಲಿ ಸ್ಯಾಂಟೊ ಡೊಮಿಂಗೊದ ಅಮೆರಿಕನ್ ಕಾನ್ಸುಲೇಟ್‌ನಿಂದ ಹೊರಬರುತ್ತಿದ್ದಂತೆ ಪೊಲೀಸರು ಅವನನ್ನು ಹಿಡಿದರು. ಅವನ ನಿಜ ಹೆಸರು ರಾಬರ್ಟೊ ಹೆರ್ನಾಂಡೆಸ್, ವಯಸ್ಸು 28 ಅಲ್ಲ, 31. ಅದೇ ಆಗಸ್ಟ್‌ನಲ್ಲಿ ನಿಜ ಹೆಸರಿನಲ್ಲೇ ಮತ್ತೆ ಕಣಕ್ಕಿಳಿದ.

ವೀಸಾ ಸಿಗದವರನ್ನು ಕ್ಲಬ್‌ಗಳು ‘ನಿರ್ಬಂಧಿತ ಪಟ್ಟಿ’ಗೆ ಸೇರಿಸುತ್ತವೆ, ಅಲ್ಲಿರುವಷ್ಟು ದಿನ ಸಾಮಾನ್ಯವಾಗಿ ಸಂಬಳವಿಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ದಕ್ಷಿಣ ಕೊರಿಯನ್ ಆಟಗಾರ ಕಾಂಗ್ ಜಂಗ್-ಹೋ 2016ರ ಡಿಸೆಂಬರ್‌ನಲ್ಲಿ ಸೋಲ್‌ನಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ. ಅದು ಮೂರನೇ ಸಲ. ನ್ಯಾಯಾಲಯ 8 ತಿಂಗಳ ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ವೀಸಾ ಅಧಿಕಾರಿಗಳು ಮಾತ್ರ ಪಟ್ಟು ಸಡಿಲಿಸಲಿಲ್ಲ. 2017ರ ಇಡೀ ಋತು ಕೈತಪ್ಪಿತು, ವೀಸಾ ಬಂದದ್ದು 2018ರ ಏಪ್ರಿಲ್‌ನಲ್ಲಿ.

ತಪ್ಪೇ ಮಾಡದವರಿಗೂ ರಾಜಕೀಯ ಅಡ್ಡ ಬರುತ್ತದೆ. 2019ರ ಮಾರ್ಚ್‌ನಲ್ಲಿ ಕರಾಕಸ್‌ನ ಅಮೆರಿಕನ್ ರಾಯಭಾರ ಕಚೇರಿ ಕೆಲಸ ನಿಲ್ಲಿಸಿದ ಮೇಲೆ ವೆನೆಜುವೆಲಾದವರು ವೀಸಾಕ್ಕಾಗಿ ಕೊಲಂಬಿಯಾದ ಬೊಗೋಟಾದಂಥ ಪರದೇಶದ ಊರುಗಳಿಗೆ ಹೋಗಬೇಕಾಯಿತು.

ಕ್ಯೂಬನ್ನರ ಪಾಡು ಇದಕ್ಕಿಂತ ಹಳೆಯದು. ದೇಶ ತೊರೆದು, ಮೂರನೆಯ ದೇಶವೊಂದರಲ್ಲಿ ನೆಲೆಸಿದ್ದಾಗಿ ತೋರಿಸಿದರಷ್ಟೇ ಮುಕ್ತ ಆಟಗಾರನಾಗಿ ಕ್ಲಬ್‌ಗಳೊಂದಿಗೆ ಚೌಕಾಸಿ ಮಾಡಲು ಸಾಧ್ಯ. ಈ ದಾರಿ ಕಳ್ಳಸಾಗಣೆದಾರರನ್ನೂ ಬೆಳೆಸಿತು. ಅವರ ವಿರುದ್ಧ 2017ರಲ್ಲಿ ಮಯಾಮಿಯಲ್ಲಿ ನಡೆದ ವಿಚಾರಣೆಯಲ್ಲಿ ಶಿಕಾಗೊ ವೈಟ್ ಸಾಕ್ಸ್‌ನ ಹೋಸೆ ಅಬ್ರೆಯು, ವಿಮಾನದಲ್ಲಿ ನಕಲಿ ಪಾಸ್‌ಪೋರ್ಟ್‌ನ ಹಾಳೆಯನ್ನು ಬಿಯರ್ ಜೊತೆ ನುಂಗಿದ್ದಾಗಿ ಸಾಕ್ಷ್ಯ ನುಡಿದ. ಕ್ಯೂಬಾದ ಬೇಸ್‌ಬಾಲ್ ಒಕ್ಕೂಟಕ್ಕೆ ಹಣ ಕೊಟ್ಟು ಆಟಗಾರರನ್ನು ನೇರವಾಗಿ ಕರೆತರುವ ಒಪ್ಪಂದಕ್ಕೆ 2018ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸಹಿ ಹಾಕಿತು. ಆ ಹಣ ಕ್ಯೂಬಾ ಸರ್ಕಾರಕ್ಕೇ ಸೇರುತ್ತದೆಂದು ಟ್ರಂಪ್ ಸರ್ಕಾರ 2019ರ ಏಪ್ರಿಲ್‌ನಲ್ಲಿ ಅದನ್ನು ತಡೆಯಿತು.