ಬಂಗಾರಮ್ಮನ ಬಡ್ಡಿ ಪುಸ್ತಕ ಎಲ್ಲಿ ಹೋಯ್ತು?

ಆಡಿಯೊ ಓಡೋವಷ್ಟು ನೆಟ್‌ವರ್ಕ್ ಸಿಗದವರಿಗೆ, ಕ್ಲಾಸಲ್ಲಿ ಇಯರ್‌ಫೋನ್ ಹಾಕೋಕೆ ಆಗದವರಿಗೆ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಇವತ್ತಿನ ಪ್ರಶ್ನೆ ಇಷ್ಟೇ. ನಾವು ವರ್ಷಗಟ್ಟಲೆ ನೋಡೋ ಧಾರಾವಾಹಿಗಳಲ್ಲಿ, ಸೀರೀಸ್‌ಗಳಲ್ಲಿ ಕೆಲವು ಪಾತ್ರಗಳು ಮನೆಯವರ ಥರ ಉಳ್ಕೊಂಡುಬಿಡ್ತಾವೆ. ಇನ್ನು ಕೆಲವು ಪಾತ್ರಗಳನ್ನ 300 ಎಪಿಸೋಡ್ ನೋಡಿದ್ರೂ ಹೆಸರು ಬಿಟ್ಟು ಬೇರೇನೂ ನೆನಪಿರಲ್ಲ. ಯಾಕೆ ಹೀಗೆ?

ನಾನು ವಿಮರ್ಶಕ ಅಲ್ಲ, ಅಪ್ಪಟ ಅಭಿಮಾನಿ. ಓದಿದ್ದು ಬಿ.ಕಾಂ. ಹಾಗಾಗಿ ನನ್ನ ಹತ್ರ ಇರೋ ಅಳತೆಗೋಲು ಖಾತೆ ಪುಸ್ತಕ ಒಂದೇ. ಅದನ್ನೇ ಇಟ್ಕೊಂಡು ಪಾತ್ರಗಳನ್ನ ಅಳೆಯೋಣ.

ಹಿಂದಿನ ಬಾಕಿ

ಅಂಗಡಿ ಖಾತೆ ಪುಸ್ತಕ ನೋಡಿದವರಿಗೆ ಗೊತ್ತು. ಹೊಸ ಪುಟ ಶುರುವಾದ್ರೆ ಮೊದಲ ಸಾಲಲ್ಲಿ ಬರೆಯೋದು ‘ಹಿಂದಿನ ಬಾಕಿ’. ಪುಟ ಹೊಸದು, ಸಾಲ ಹಳೇದು. ಇನ್ನೊಂದು ನಿಯಮನೂ ಇದೆ. ಒಂದು ಕಡೆ ಬರೆದಿದ್ದು ಇನ್ನೊಂದು ಕಡೆಯೂ ಬರಲೇಬೇಕು. ಬಂದಿದ್ದು ಎಲ್ಲಿಂದ ಬಂತು, ಹೋಗಿದ್ದು ಎಲ್ಲಿಗೆ ಹೋಯ್ತು, ಎರಡೂ ಸಿಗಬೇಕು.

ಒಳ್ಳೆ ಪಾತ್ರಕ್ಕೂ ಇವೇ ಎರಡು ನಿಯಮ ಅಂತ ನನ್ನ ವಾದ. ಪಾತ್ರ ಏನಾದ್ರೂ ಪಡೆದ್ರೆ ಅದಕ್ಕೆ ಯಾರೋ ಬೆಲೆ ತೆತ್ತಿರಬೇಕು. ಆ ಬೆಲೆ ಮುಂದಿನ ಎಪಿಸೋಡ್‌ಗೂ ಬಾಕಿಯಾಗಿ ಬರಬೇಕು.

ಇದಕ್ಕೆ ನನಗೆ ಗೊತ್ತಿರೋ ಒಳ್ಳೆ ಉದಾಹರಣೆ ‘ಮಾಲ್ಗುಡಿ ಡೇಸ್’ನ ಸ್ವಾಮಿ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ ಬಂದಿದ್ದು 1935ರಲ್ಲಿ. ಶಂಕರ್ ನಾಗ್ ಅದನ್ನ ದೂರದರ್ಶನಕ್ಕೆ ತಂದಿದ್ದು 1986ರಲ್ಲಿ. ನ್ಯಾಮತಿಯಿಂದ ಶಿವಮೊಗ್ಗ, ತೀರ್ಥಹಳ್ಳಿ ದಾಟಿದ್ರೆ ಸಿಗೋ ಆಗುಂಬೆನೇ ಅಲ್ಲಿ ಮಾಲ್ಗುಡಿ. ಸ್ವಾಮಿ ಆಗಿದ್ದು ಮಾಸ್ಟರ್ ಮಂಜುನಾಥ್, ಅಪ್ಪ ಆಗಿದ್ದು ಗಿರೀಶ್ ಕಾರ್ನಾಡ್.

ಕಥೆ ನೆನಪಿಸ್ಕೊಳ್ಳಿ. ಸ್ವಾಮಿ, ಮಣಿ, ರಾಜಂ ಸೇರಿ ಕ್ರಿಕೆಟ್ ಟೀಮ್ ಕಟ್ತಾರೆ. ಹೆಡ್‌ಮಾಸ್ಟರ್‌ಗೆ ಹೆದರಿ ಓಡಿಹೋದ ಸ್ವಾಮಿ ಕಾಡಲ್ಲಿ ದಾರಿ ತಪ್ತಾನೆ, ಮುಖ್ಯವಾದ ಮ್ಯಾಚ್ ತಪ್ಪುತ್ತೆ. ರಾಜಂ ಮಾತು ಬಿಡ್ತಾನೆ. ಆಮೇಲೆ ರಾಜಂ ಅಪ್ಪನಿಗೆ ವರ್ಗ ಆಗುತ್ತೆ. ಸ್ವಾಮಿ ಒಂದು ಪುಸ್ತಕ ಹಿಡ್ಕೊಂಡು ಸ್ಟೇಷನ್‌ಗೆ ಓಡ್ತಾನೆ. ರೈಲು ಹೊರಡುತ್ತೆ. ರಾಜಂ ಕ್ಷಮಿಸಿದ್ನಾ ಇಲ್ವಾ ಅನ್ನೋದು ಸ್ವಾಮಿಗೆ ಕೊನೆವರೆಗೂ ಗಟ್ಟಿಯಾಗಿ ಗೊತ್ತಾಗಲ್ಲ.

ಒಂದು ಮ್ಯಾಚ್, ಅಷ್ಟೇ. ಕೊಲೆ ಇಲ್ಲ, ವಿಷ ಇಲ್ಲ. ಆದ್ರೂ ಬಾಕಿ ತೀರಲಿಲ್ಲ ನೋಡಿ, ಅದಕ್ಕೇ 40 ವರ್ಷ ಆದ್ಮೇಲೂ ಆ ಹುಡುಗ ನೆನಪಲ್ಲಿದ್ದಾನೆ.

ಹೊರಗಿನ ಉದಾಹರಣೆ ಬೇಕು ಅಂದ್ರೆ ‘ಬ್ರೇಕಿಂಗ್ ಬ್ಯಾಡ್’ ತಗೊಳ್ಳಿ. 5 ಸೀಸನ್, 62 ಎಪಿಸೋಡ್. ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್ ಮೊದಲ ದಿನ ಹೇಳೋ ಸಣ್ಣ ಸುಳ್ಳಿಗೂ ಮುಂದೆ ಬಡ್ಡಿ ಸಮೇತ ಕಟ್ತಾನೆ. ಸ್ವಾಮಿ ಮತ್ತು ವಾಲ್ಟರ್ ನಡುವೆ ಆಕಾಶ ಭೂಮಿ ಅಂತರ, ಲೆಕ್ಕ ಬರೆಯೋ ಪದ್ಧತಿ ಮಾತ್ರ ಒಂದೇ.

ದಿನದ ಲೆಕ್ಕ ದಿನಕ್ಕೆ

ಹಾಗಂತ ಎಲ್ಲ ಪಾತ್ರಕ್ಕೂ ನೆನಪು ಇರಲೇಬೇಕಾ? ಇಲ್ಲ. ಈಟಿವಿ ಕನ್ನಡದ ‘ಸಿಲ್ಲಿ ಲಲ್ಲಿ’ ನೋಡಿ. ಮಂಜುಭಾಷಿಣಿ ಮಾಡಿದ ಸಮಾಜಸೇವಕಿ ಲಲಿತಾಂಬ, ರವಿಶಂಕರ್ ಗೌಡ ಮಾಡಿದ ಡಾಕ್ಟರ್ ವಿಠಲ್ ರಾವ್. ಇವತ್ತು ಏನೇ ಎಡವಟ್ಟಾದ್ರೂ ನಾಳೆ ಎಲ್ಲ ಮೊದಲಿನ ಹಾಗೇ. ಅದು ಸಂತೆ ಅಂಗಡಿ ಲೆಕ್ಕ. ಸಂಜೆ ಗಲ್ಲಾ ಎಣಿಸಿ, ಗಂಟು ಕಟ್ಟಿ ಹೊರಟುಬಿಡೋದು. ಕಾಮಿಡಿಗೆ ಅದೇ ಸರಿ. ಲಲಿತಾಂಬ ಒಂದು ದಿನ ಪಾಠ ಕಲಿತು ಬದಲಾಗಿಬಿಟ್ರೆ ಮರುದಿನ ನಗೋಕೆ ಏನೂ ಉಳಿಯಲ್ಲ.

ಸಮಸ್ಯೆ ಶುರುವಾಗೋದು ಧಾರಾವಾಹಿ ನಮ್ಮ ಹತ್ರ ಕಣ್ಣೀರು ಕೇಳಿ, ಮರುದಿನ ಸಂತೆ ಅಂಗಡಿ ಥರ ನಡ್ಕೊಂಡಾಗ.

ಇಲ್ಲಿ ‘ಪುಟ್ಟಕ್ಕನ ಮಕ್ಕಳು’ ವಿಷಯಕ್ಕೆ ಬರ್ತೀನಿ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾಯ್ತು, ನಿರ್ದೇಶನ ಆರೂರು ಜಗದೀಶ್ ಅವರದು. ಉಮಾಶ್ರೀ ಮಾಡಿದ ಪುಟ್ಟಕ್ಕ ನನಗೆ ತುಂಬ ಇಷ್ಟ. ಮೂರೂ ಹೆಣ್ಣಾಯ್ತು ಅಂತ ಗಂಡ ಬಿಟ್ಟು ಇನ್ನೊಂದು ಮದುವೆ ಆಗಿದ್ದಾನೆ. ಈಕೆ ಮೆಸ್ ನಡೆಸಿ ಸಹನಾ, ಸ್ನೇಹಾ, ಸುಮಾ ಮೂವರನ್ನೂ ಸಾಕ್ತಾಳೆ. ಪುಟ್ಟಕ್ಕ ಜೋರಾಗಿ ಅಳದೇ ಇದ್ದಾಗಲೂ ಆ ಹಳೇ ಬಾಕಿ ಮುಖದಲ್ಲಿ ಕಾಣುತ್ತೆ. ಉಮಾಶ್ರೀ ಅವರ ದೊಡ್ಡತನ ಅದು.

ಅದೇ ಧಾರಾವಾಹಿಯ ಇನ್ನೊಂದು ಗಟ್ಟಿ ಪಾತ್ರ ಬಡ್ಡಿ ಬಂಗಾರಮ್ಮ. ಲಲಿತಾಂಬ ಮಾಡಿದ್ರಲ್ಲ, ಅದೇ ಮಂಜುಭಾಷಿಣಿ. ಊರಿಗೆಲ್ಲ ಬಡ್ಡಿಗೆ ಸಾಲ ಕೊಡೋ ಹೆಂಗಸು, ಗತ್ತು ಅಂದ್ರೆ ಗತ್ತು. ಆಕೆಯ ಮಗ ಕಂಠಿ, ಬಡ್ಡಿ ವ್ಯವಹಾರ ಅಂದ್ರೆ ಉರಿದುಬೀಳೋ ಸ್ನೇಹಾಳನ್ನ ಪ್ರೀತಿಸ್ತಾನೆ. ಎಂಥ ಒಳ್ಳೆ ಇಕ್ಕಟ್ಟು ನೋಡಿ! ಬಡ್ಡಿ ದುಡ್ಡಿನ ಮನೆಗೆ ನ್ಯಾಯ ಕೇಳೋ ಸೊಸೆ.

ಆದ್ರೆ ದಿನ ಕಳೆದ ಹಾಗೆ ಬಂಗಾರಮ್ಮ ನಮಗೆಲ್ಲ ಮುದ್ದಿನ ಅತ್ತೆ ಆಗಿಬಿಟ್ಟಳು. ನನಗೂ ಇಷ್ಟ ಆದಳು. ಪಾತ್ರ ಬದಲಾಗಬಾರದು ಅಂತಲ್ಲ, ಬದಲಾಗಲಿ. ನನ್ನ ಪ್ರಶ್ನೆ ಲೆಕ್ಕದ್ದು. ಆಕೆಗೆ ಬಡ್ಡಿ ಕಟ್ಟಿ ಸೋತವರು ಇದ್ರಲ್ಲ, ಅವರ ಪುಟ ಏನಾಯ್ತು? ಮನಸ್ಸು ಬದಲಾದ ಸಾಲಗಾತಿಗೆ ನಿಜವಾದ ಪರೀಕ್ಷೆ ಹಳೇ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರು ಓದೋದು. ಆ ದೃಶ್ಯಕ್ಕೆ ನಾನು ಕಾದೆ. ಹಾಡು ಬಂತು, ಹಬ್ಬದ ವಿಶೇಷ ಸಂಚಿಕೆ ಬಂತು, ಪುಸ್ತಕ ಮಾತ್ರ ಕಪಾಟಲ್ಲೇ ಉಳೀತು.

ಇದರಲ್ಲಿ ಅಷ್ಟೊಂದು ಏನಿದೆ?

ನಮ್ಮ ಕಡೆ ಹೆಣ್ಮಕ್ಕಳಿಗೆ ಸಾಲ ಅನ್ನೋದು ಕಥೆ ಅಲ್ಲ. ವಾರದ ಕಂತಿನ ದಿನ ಯಾವ ಬೀದಿಯಲ್ಲಿ ಬೇಕಾದ್ರೂ ಹೋಗಿ ನೋಡಿ, ಯಾರದೋ ಮನೆ ಪಡಸಾಲೆಯಲ್ಲಿ ಎಲ್ಲ ಕೂತಿರ್ತಾರೆ. ಒಬ್ಬರು ಕಟ್ಟದಿದ್ರೆ ಉಳಿದವರು ಕಟ್ಟಬೇಕು. ಸಾಲ ವಸೂಲಿಯ ಕಿರುಕುಳ ತಡೆಯೋಕೆ ಅಂತಾನೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಮಾಡೋ ಮಟ್ಟಕ್ಕೆ ಹೋದ ಸಂಕಟ ಅದು.

ನಮ್ಮಮ್ಮ ಸಂಘದಲ್ಲಿದ್ದಾರೆ. ಬಂಗಾರಮ್ಮ ನಗ್ತಾ ನಗಿಸ್ತಾ ಇರೋ ಒಂದು ಎಪಿಸೋಡ್ ನೋಡ್ತಾ ಅವರು ಅಂದಿದ್ದು ಇಷ್ಟೇ: “ಚೆನ್ನಾಗೈತಪ್ಪ. ಆದ್ರೆ ಬಡ್ಡಿ ಬಿಟ್ಲೋ ಇಲ್ಲೋ ಹೇಳ್ಲೇ ಇಲ್ಲ.”

ನಾನು ಹತ್ತು ನಿಮಿಷ ಹೇಳೋದನ್ನ ಅಮ್ಮ ಒಂದು ಸಾಲಲ್ಲಿ ಹೇಳಿದ್ರು. ಧಾರಾವಾಹಿ ನೋಡೋ ಹೆಂಗಸರಿಗೆ ತಲೆ ಇಲ್ಲ ಅಂತ ಮೀಮ್ ಮಾಡೋ ನಮ್ಮ ವಯಸ್ಸಿನವರು ಇದನ್ನ ಕೇಳಿಸ್ಕೋಬೇಕು. ಅವರು ನೋಡ್ತಾ ನೋಡ್ತಾ ಲೆಕ್ಕನೂ ಇಡ್ತಿರ್ತಾರೆ.

ನೆನಪು ಅಳಿಸೋದು ಯಾರು?

ಬರಹಗಾರರಿಗೆ ಬರೆಯೋಕೆ ಬರಲ್ಲ ಅನ್ನೋದು ಸುಲಭದ ಮಾತು. ಕೆಲಸದ ರೀತಿ ಸ್ವಲ್ಪ ನೋಡೋಣ.

ಮೊದಲನೆಯದು ಪ್ರಮಾಣ. ವಾರಕ್ಕೆ 5 ದಿನ ಅಂದ್ರೂ ವರ್ಷಕ್ಕೆ 260 ಎಪಿಸೋಡ್. ಜಾಹೀರಾತು ಬಿಟ್ಟು ದಿನಕ್ಕೆ 22 ನಿಮಿಷ ಹಿಡಿದ್ರೆ ವರ್ಷಕ್ಕೆ 95 ಗಂಟೆ. ಎರಡೂವರೆ ಗಂಟೆಯ 38 ಸಿನಿಮಾ ಆಯ್ತು! ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಮೂರು ಕೈ ಬರೆಯೋ ಪುಸ್ತಕದಲ್ಲಿ ಹಿಂದಿನ ಬಾಕಿ ತಪ್ಪಿಹೋಗೋದು ಆಶ್ಚರ್ಯ ಅಲ್ಲ.

ಎರಡನೆಯದು ಟಿಆರ್‌ಪಿ. ವಾರ ವಾರ ಫಲಿತಾಂಶ ಬರುತ್ತೆ. ಒಂದು ಪಾತ್ರ ನಿಧಾನವಾಗಿ ಪಶ್ಚಾತ್ತಾಪ ಪಡೋಕೆ ಎರಡು ತಿಂಗಳು ಬೇಕು. ಮುಂದಿನ ವಾರದ ಅಂಕಿ ಅಷ್ಟು ದಿನ ಕಾಯಲ್ಲ. ಮೂರನೆಯದು ರೀಮೇಕ್. ‘ಪುಟ್ಟಕ್ಕನ ಮಕ್ಕಳು’ ಮೂಲ ತೆಲುಗಿನ ‘ರಾಧಮ್ಮ ಕೂತುರು’. ಪಾತ್ರ ಬೇರೆ ಊರಿನ ಲೆಕ್ಕದ ಜೊತೆ ಬಂದಿರುತ್ತೆ, ಇಲ್ಲಿ ಹೊಸ ಖಾತೆ ತೆರೀಬೇಕು.

ನಾಲ್ಕನೆಯದು ಕಲಾವಿದರು ಹೊರಗೆ ಹೋಗೋದು. 2022ರಲ್ಲಿ ‘ಜೊತೆ ಜೊತೆಯಲಿ’ಯಿಂದ ಅನಿರುದ್ಧ ಹೊರಬಂದಾಗ ಕಥೆಯಲ್ಲಿ ಆರ್ಯವರ್ಧನ್‌ಗೆ ಅಪಘಾತ ಆಯ್ತು, ಮುಖ ಬದಲಾಯ್ತು, ಹರೀಶ್ ರಾಜ್ ಬಂದ್ರು. ಪಾತ್ರಕ್ಕೆ ತಾನು ಯಾರು ಅನ್ನೋದೇ ಮರೆತುಹೋಯ್ತು. ನಾನು ಇಷ್ಟೊತ್ತು ಉಪಮೆಯಾಗಿ ಹೇಳಿದ್ದು ಅಲ್ಲಿ ನಿಜವಾಗಿಯೇ ನಡೀತು. 2024ರಲ್ಲಿ ಸಂಜನಾ ಬುರ್ಲಿ ಹೊರಟಾಗ ಸ್ನೇಹಾ ಪಾತ್ರವೇ ಸತ್ತಿತು. ಬಡ್ಡಿ ಮನೆಯಲ್ಲಿ ಲೆಕ್ಕ ಕೇಳಬೇಕಾದ ಹುಡುಗಿನೇ ಹೋದಮೇಲೆ ಕೇಳೋರು ಯಾರು?

ಹಾಗಾದ್ರೆ ಟಿವಿಯಲ್ಲಿ ಇದು ಸಾಧ್ಯನೇ ಇಲ್ವಾ? ಇದೆ. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರ್ತಿದ್ದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ, ನೋಡಿದ್ದು ಎಷ್ಟೋ ವರ್ಷ ಆದ್ಮೇಲೆ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ಧಾರಾವಾಹಿ. 2022ರಲ್ಲಿ ಸಿರಿ ಕನ್ನಡದಲ್ಲಿ ‘ಮತ್ತೆ ಮಾಯಾಮೃಗ’ ಶುರುವಾಯ್ತು. 24 ವರ್ಷ ಆದ್ಮೇಲೆ ಮುಂದುವರಿದ ಭಾಗ! ಹಳೇ ಪಾತ್ರಗಳ ಬಾಕಿ ನೋಡುಗರಿಗೆ ಅಷ್ಟು ವರ್ಷ ನೆನಪಿದ್ದಿದ್ದಕ್ಕೇ ಅಲ್ವಾ ಅದು ಸಾಧ್ಯ ಆಗಿದ್ದು?

ನಾಲ್ಕು ತಾಲೂಕು, ನಾಲ್ಕು ಪುಷ್ಪಾ

ಈಗ ನಾವೇ ಒಂದು ಪಾತ್ರ ಬರೆಯೋಣ. ಹೆಸರು ಪುಷ್ಪಾ, ಪಿಯುಸಿ ಪಾಸಾಗಿದ್ದಾಳೆ, ದಾವಣಗೆರೆಯಲ್ಲಿ ಬಿ.ಕಾಂ. ಸೇರಬೇಕು. ಜೂನ್‌ನಲ್ಲಿ ಫೀಸು, ಹಾಸ್ಟೆಲ್ಲು. ಈ ಒಂದೇ ದೃಶ್ಯವನ್ನ ನಾಲ್ಕು ತಾಲೂಕಲ್ಲಿ ಇಡಿ.

ಚನ್ನಗಿರಿಯ ಪುಷ್ಪಾ ಮನೆಯಲ್ಲಿ ಅಡಿಕೆ ತೋಟ ಇದೆ. ಕೊಯ್ಲು ಇನ್ನೂ ದೂರ. ಅಪ್ಪ ಚೇಣಿದಾರನ ಹತ್ರ ಮುಂಗಡ ಕೇಳ್ತಾನೆ. ದುಡ್ಡು ಬರುತ್ತೆ, ಆದ್ರೆ ಫಸಲಿನ ದರ ಮಾತಾಡುವಾಗ ಅಪ್ಪನ ದನಿ ತಗ್ಗುತ್ತೆ. ಹೊನ್ನಾಳಿಯ ಪುಷ್ಪಾ ಮನೆಯಲ್ಲಿ ಬೇಸಿಗೆ ಭತ್ತ ಮಾರಿದ ದುಡ್ಡು ಇದೆ. ಅದೇ ದುಡ್ಡು ಮಳೆಗಾಲದ ನಾಟಿಗೂ ಬೇಕು. ಅಣ್ಣ ಗದ್ದೆ ಕಡೆ ನೋಡ್ತಾನೆ, ಅವ್ವ ಮಗಳ ಕಡೆ ನೋಡ್ತಾಳೆ.

ನ್ಯಾಮತಿಯ ಪುಷ್ಪಾ ತಾಂಡಾದ ಹುಡುಗಿ. ಅಪ್ಪ ಅಮ್ಮ ಕಬ್ಬು ಕಡಿಯೋಕೆ ಗುಳೆ ಹೋಗಿ ಬಂದಿದ್ದಾರೆ, ಹಳೇ ಮುಂಗಡ ಪೂರ್ತಿ ತೀರಿಲ್ಲ. ಮಗಳ ಫೀಸು ಕಟ್ಟಬೇಕು ಅಂದ್ರೆ ಮುಂದಿನ ವರ್ಷದ ದುಡಿಮೆಯನ್ನೂ ಈಗಲೇ ಬರೆದುಕೊಡಬೇಕು. ಜಗಳೂರಿನ ಪುಷ್ಪಾ ಮನೆಯಲ್ಲಿ ಮೆಕ್ಕೆಜೋಳದ ಬೀಜ, ಗೊಬ್ಬರ ತಂದು ಮಳೆಗೆ ಕಾಯ್ತಿದ್ದಾರೆ. ಅಲ್ಲಿ ಫೀಸಿನ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಅಪ್ಪ ಅಲ್ಲ, ಮೋಡ.

ಹುಡುಗಿ ಅದೇ, ಆಸೆ ಅದೇ. ದುಡ್ಡು ಯಾವಾಗ ಬರುತ್ತೆ, ಯಾರ ಕೈಯಿಂದ ಬರುತ್ತೆ ಅನ್ನೋದು ಬದಲಾದ ಕೂಡಲೇ ನಾಲ್ಕು ಬೇರೆ ಬೇರೆ ಮನುಷ್ಯರು ಹುಟ್ಟಿದ್ರು. ನಾಲ್ವರೂ ಕಾಲೇಜು ಸೇರಿದ್ರು ಅಂತಿಟ್ಕೊಳ್ಳಿ. ಎರಡು ವರ್ಷ ಆದ್ಮೇಲೆ ಹಾಸ್ಟೆಲ್‌ನಲ್ಲಿ ಬರ್ತ್‌ಡೇ ಪಾರ್ಟಿಗೆ ದುಡ್ಡು ಹಾಕು ಅಂದಾಗ ಒಬ್ಬೊಬ್ಬಳ ಕೈ ಒಂದೊಂದು ಥರ ತಡೆಯುತ್ತೆ. ಆ ತಡೆಯೋದೇ ಪಾತ್ರ. ನಮ್ಮ ಕಡೆ ಭಾಷೆ ಧಾರಾವಾಹಿಯಲ್ಲಿ ಬರಲ್ಲ ಅಂತ ನಾವು ದೂರ್ತೀವಿ, ಸರಿ. ‘ಐತೆ’ ಅಂತ ನಾಲ್ಕು ಸಲ ಹೇಳಿಸಿಬಿಟ್ರೆ ಪಾತ್ರ ಜಗಳೂರಿನದ್ದಾಗಲ್ಲ. ಜಗಳೂರಿನ ಲೆಕ್ಕ ಬರಬೇಕು.

ನಿಮಗೆ ಮೂರು ಪ್ರಶ್ನೆ

ಇವತ್ತು ರಾತ್ರಿ ಮನೆಯಲ್ಲಿ ಯಾವ ಧಾರಾವಾಹಿ ಓಡ್ತಿದ್ರೂ ಒಂದು ಪಾತ್ರ ಆರಿಸ್ಕೊಂಡು ಕೇಳಿ ನೋಡಿ. ಇವರಿಗೆ ಏನು ಬೇಕು? ಅದಕ್ಕೆ ಬೆಲೆ ಕೊಡ್ತಿರೋರು ಯಾರು? 50 ಎಪಿಸೋಡ್ ಹಿಂದೆ ಆಗಿದ್ದು ಇವರಿಗೆ ಇವತ್ತು ನೆನಪಿದೆಯಾ? ಮೂರನೇದಕ್ಕೆ ಉತ್ತರ ಸಿಗದಿದ್ರೆ ಪಕ್ಕದಲ್ಲಿ ಕೂತಿರೋ ಅಮ್ಮನ್ನ, ಅಜ್ಜಿನ ಕೇಳಿ. ಪಾತ್ರ ಮರೆತಿದ್ರೂ ಅವರಿಗೆ ನೆನಪಿರುತ್ತೆ.

ನಿಮ್ಮ ಊರಿನ ಪುಷ್ಪಾ ಹೇಗಿರ್ತಾಳೆ ಅಂತ ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಒಂದೇ ಷರತ್ತು. ಅವಳ ಫೀಸು ಯಾರು ಕಟ್ಟಿದ್ರು ಅನ್ನೋದನ್ನ ಬಿಡಬೇಡಿ.

ಸಿಗೋಣ.